ಆರ್ಕೇಡ್ ಮೆಷಿನ್ ಸ್ಟಾರ್ಟ್ ಆಗ್ತಿಲ್ಲ: ಮಾರ್ಕೀ ಲೈಟ್ ಉರಿಯುತ್ತೆ, ಎಸ್‌ಎಂಪಿಎಸ್ ಟಿಕ್ ಟಿಕ್ ಅಂತಿದೆ

ಜಾಯ್‌ಸ್ಟಿಕ್_ಜಯನಗರ

ಮನೆಯಲ್ಲಿ ನಿಂತು ಆಡುವಂಥ ದೊಡ್ಡ ಆರ್ಕೇಡ್ ಕ್ಯಾಬಿನೆಟ್ ಇದೆ. ಕರೆಂಟ್ ಹೋಗಿ ಬಂದ ಮೇಲೆ ಸ್ಟಾರ್ಟ್ ಆಗ್ತಿಲ್ಲ. ಒಳಗಿರೋದು ಇಷ್ಟು: 60 ಆಟಗಳಿರುವ ಜಮ್ಮಾ ಬೋರ್ಡ್ (ಆರ್ಕೇಡ್‌ಗಳ ಮಾಮೂಲಿ 56 ಪಿನ್ ಕನೆಕ್ಟರ್‌ಗೆ ಕೂರುವ ಆಟದ ಬೋರ್ಡ್), ವಿಜಿಎ ಕೇಬಲ್‌ನಲ್ಲಿ 19 ಇಂಚಿನ ಎಲ್‌ಸಿಡಿ ಮಾನಿಟರ್, +5, +12, −5 ವೋಲ್ಟ್ ಕೊಡುವ ಮಾಮೂಲಿ ಆರ್ಕೇಡ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬ). 12 ವೋಲ್ಟ್‌ನಲ್ಲಿ ಎಲ್‌ಇಡಿ ಗುಂಡಿಗಳು, ಕಾಯಿನ್ ಡೋರ್ ಲೈಟ್, ಒಂದು ಚಿಕ್ಕ ಆಂಪ್ಲಿಫೈಯರ್ ಓಡುತ್ತವೆ. ಮಾರ್ಕೀ (ಮೇಲಿನ ಹೆಸರಿನ ಫಲಕ) ಲೈಟ್ ಮತ್ತು ಮಾನಿಟರ್ ಎರಡೂ 230 ವೋಲ್ಟ್ ಲೈನ್‌ನಿಂದ ನೇರ.

ಈಗ ಸ್ವಿಚ್ ಹಾಕಿದರೆ ಮಾರ್ಕೀ ಉರಿಯುತ್ತೆ. ಮಾನಿಟರ್ ‘ನೋ ಸಿಗ್ನಲ್’ ಅಂತ ತೋರಿಸಿ ಮಲಗುತ್ತೆ. ಎಸ್‌ಎಂಪಿಎಸ್‌ನಿಂದ ಸೆಕೆಂಡಿಗೊಂದರ ಹಾಗೆ ಟಿಕ್, ಟಿಕ್ ಅಂತ ಸಣ್ಣ ಸದ್ದು, ಅದರ ಹಸಿರು ಎಲ್‌ಇಡಿ ಸದ್ದಿನ ಜೊತೆಗೇ ಮಿಣುಕಿ ಆರುತ್ತೆ. ಗುಂಡಿಗಳಲ್ಲಿ ಬೆಳಕಿಲ್ಲ, ಸ್ಪೀಕರ್‌ನಲ್ಲಿ ಸದ್ದಿಲ್ಲ. ಪವರ್ ಕಾರ್ಡ್ ಬದಲಾಯಿಸಿ ನೋಡಿದೆ, ವ್ಯತ್ಯಾಸ ಇಲ್ಲ. ಮಲ್ಟಿಮೀಟರ್ ಇದೆ. ಎಸ್‌ಎಂಪಿಎಸ್ ಹೋಗಿದೆಯಾ, ಬೋರ್ಡ್ ಹೋಗಿದೆಯಾ ಅಂತ ಹೇಗೆ ತಿಳಿಯೋದು? ಸುಮ್ಮನೆ ಎರಡನ್ನೂ ಹೊಸದು ತರೋಕೆ ಮನಸ್ಸಿಲ್ಲ.

ಬೆಸುಗೆ_ಭಟ್ಟ

ಎರಡನ್ನೂ ತರಬೇಡಿ, ಸದ್ಯಕ್ಕೆ ಒಂದನ್ನೂ ತರಬೇಡಿ. ಮಾರ್ಕೀ ಉರೀತಿದೆ ಅಂದ್ರೆ ಪ್ಲಗ್, ಫ್ಯೂಸ್, ಮೇನ್ ಸ್ವಿಚ್ ಮೂರೂ ಸರಿ ಇವೆ. ಎಲ್‌ಇಡಿ ಮಿಣುಕುತ್ತಿದೆ ಅಂದ್ರೆ ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ. ಆ ಟಿಕ್ ಟಿಕ್ ಏನಂದ್ರೆ, ಸಪ್ಲೈ ಏಳೋಕೆ ನೋಡ್ತಿದೆ, ಔಟ್‌ಪುಟ್‌ನಲ್ಲಿ ಮಿತಿ ಮೀರಿದ ಕರೆಂಟ್ ಕಂಡು ತಾನಾಗೇ ಮುಚ್ಚಿಕೊಳ್ತಿದೆ, ಮತ್ತೆ ಏಳೋಕೆ ನೋಡ್ತಿದೆ. ಹತ್ತರಲ್ಲಿ ಏಳೆಂಟು ಸಲ ಇದು ಹೊರಗೆ ಎಲ್ಲೋ ಶಾರ್ಟ್ ಆಗಿರೋದರ ಗುರುತು.

ಕೈ ಹಾಕೋ ಮೊದಲು ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಎಸ್‌ಎಂಪಿಎಸ್ ತಗಡಿನ ಡಬ್ಬ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 320 ವೋಲ್ಟ್ ಡಿಸಿ ನಿಂತಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ನಿಮ್ಮದು ಎಲ್‌ಸಿಡಿ ಆಗಿರೋದು ಒಳ್ಳೇದಾಯ್ತು. ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್ ಇರೋರು ಅದರ ಹಿಂಭಾಗಕ್ಕೆ ಕೈ ಹಾಕುವ ವಿಚಾರವೇ ಬೇರೆ.

ಮೊದಲು ಡಬ್ಬದ ಪಕ್ಕದ ಕೆಂಪು ಸ್ಲೈಡ್ ಸ್ವಿಚ್ 230 ಕಡೆಗೇ ಇದೆಯಾ ನೋಡಿ. ಅದು 115ಕ್ಕೆ ಜರುಗಿದ್ದರೆ ನಮ್ಮ ಲೈನ್‌ನಲ್ಲಿ ಟಿಕ್ ಟಿಕ್ ಅಲ್ಲ, ಢಬ್ ಅಂತಿತ್ತು. ಆದರೂ ಒಂದು ಸಲ ಕಣ್ಣಾಡಿಸಿ. ಆಮೇಲೆ ಟರ್ಮಿನಲ್ ಸಾಲಿನ ಫೋಟೋ ತೆಗೆದುಕೊಂಡು, ಎಲ್, ಎನ್ (230 ವೋಲ್ಟ್ ಲೈನ್), ಎಫ್‌ಜಿ (ಅರ್ಥ್) ಬಿಟ್ಟು +5, +12, −5, ಕಾಮ್ (ಡಿಸಿ ಗ್ರೌಂಡ್) ಇವುಗಳ ತಂತಿಗಳನ್ನೆಲ್ಲ ಬಿಚ್ಚಿ.

ಇಲ್ಲೇ ಬಹಳ ಜನ ಎಡವೋದು: ತಂತಿ ಎಲ್ಲ ಬಿಚ್ಚಿ ಸ್ವಿಚ್ ಹಾಕ್ತಾರೆ, ಆಗಲೂ ಟಿಕ್ ಟಿಕ್ ಅಂದ್ರೆ ‘ಸಪ್ಲೈ ಹೋಯ್ತು’ ಅಂತ ತೀರ್ಮಾನ ಮಾಡ್ತಾರೆ. ಈ ಬಗೆಯ ಸಪ್ಲೈಗಳಲ್ಲಿ ಎಷ್ಟೋ ಮಾದರಿಗಳು +5ರ ಮೇಲೆ ಸ್ವಲ್ಪವಾದರೂ ಲೋಡ್ ಇಲ್ಲದಿದ್ದರೆ ಸರಿಯಾಗಿ ನಿಲ್ಲೋದೇ ಇಲ್ಲ. ಅದಕ್ಕೆ +5 ಮತ್ತು ಕಾಮ್ ನಡುವೆ 2.2 ಓಮ್, 20 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದು ಹಾಕಿ. ಸುಮಾರು 2.3 ಆಂಪಿಯರ್ ಎಳೆಯುತ್ತೆ, 11 ವ್ಯಾಟ್ ಶಾಖ. ನಿಮಿಷದೊಳಗೆ ಮುಟ್ಟೋಕಾಗದಷ್ಟು ಬಿಸಿ ಆಗುತ್ತೆ, ಹಾಗಾಗಿ ಟೈಲ್ಸ್ ತುಂಡಿನ ಮೇಲಿಡಿ, ಕ್ಯಾಬಿನೆಟ್‌ನ ಹಲಗೆಗೆ ತಾಗಿಸಬೇಡಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಬಿಡಿ ಭಾಗ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತೆ.

ಈ ಲೋಡ್ ಹಾಕಿ ಸ್ವಿಚ್ ಹಾಕಿದಾಗ +5ರಲ್ಲಿ 4.95ರಿಂದ 5.15, +12ರಲ್ಲಿ 11.5ರಿಂದ 12.6 ಬಂದರೆ ಸಪ್ಲೈ ಬಹುಪಾಲು ಆರೋಗ್ಯವಾಗಿದೆ. ಆಗ ತಂತಿಗಳನ್ನು ಒಂದೊಂದಾಗಿ ವಾಪಸ್ ಹಾಕ್ತಾ ಬನ್ನಿ, ಪ್ರತಿ ಸಲ ಪ್ಲಗ್ ಕಿತ್ತು. ರೆಸಿಸ್ಟರ್ ಹಾಗೇ ಇರಲಿ.

ಮಲೆನಾಡು_ಮಲ್ಟಿಮೀಟರ್

ಮೇಲೆ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಲೋಡ್ ಹಾಕಿದ ಮೇಲೂ ಬರಿಯ ಸಪ್ಲೈ ಟಿಕ್ ಟಿಕ್ ಅಂತಿದ್ದರೆ, ಅದೂ ಕರೆಂಟ್ ಹೋಗಿ ಬಂದ ಮೇಲೇ ಶುರುವಾಗಿದ್ದರೆ, ಒಳಗಿನ ಒಂದು ಚಿಕ್ಕ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಯುಸಿ3842 ಬಗೆಯ ಕಂಟ್ರೋಲ್ ಚಿಪ್ ಇರುವ ಸಪ್ಲೈಗಳಲ್ಲಿ ಚಿಪ್‌ಗೆ ಊಟ ಹಾಕುವ 22 ಅಥವಾ 47 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಕೆಪಾಸಿಟರ್ ಇರುತ್ತೆ. ಚಿಪ್ 16 ವೋಲ್ಟ್ ಸಿಕ್ಕಾಗ ಏಳುತ್ತೆ, 10ಕ್ಕಿಂತ ಕೆಳಗಿಳಿದರೆ ನಿಲ್ಲುತ್ತೆ. ಆ ಕೆಪಾಸಿಟರ್ ಒಣಗಿ ಹೋದರೆ ಎದ್ದ ತಕ್ಷಣ ವೋಲ್ಟೇಜ್ ಕುಸಿದು ಮತ್ತೆ ನಿಲ್ಲುತ್ತೆ. ಓಡ್ತಿರುವಾಗ ಗೊತ್ತಾಗಲ್ಲ, ಒಮ್ಮೆ ಆಫ್ ಆಗಿ ತಣ್ಣಗಾದರೆ ಮತ್ತೆ ಏಳಲ್ಲ. ಕರೆಂಟ್ ಬಂದ ರಭಸಕ್ಕೆ ಸುಟ್ಟಿತು ಅಂತ ಜನ ಅಂದುಕೊಳ್ಳೋ ಕೇಸುಗಳಲ್ಲಿ ಬಹಳಷ್ಟು ಇದೇ. ಬಿಚ್ಚಿ ರಿಪೇರಿ ಮಾಡೋ ಅಭ್ಯಾಸ ಇರೋರಿಗೆ ಹತ್ತು ರೂಪಾಯಿ ಕೆಲಸ. ಇಲ್ಲದವರು ಸಪ್ಲೈಯನ್ನೇ ಬದಲಾಯಿಸೋದು ಕ್ಷೇಮ.

ಜಾಯ್‌ಸ್ಟಿಕ್_ಜಯನಗರ

ಥ್ಯಾಂಕ್ಸ್ ಇಬ್ಬರಿಗೂ. ಫಲಿತಾಂಶ ಹೀಗಿದೆ.

ಸ್ಲೈಡ್ ಸ್ವಿಚ್ 230ರಲ್ಲೇ ಇದೆ. 2.2 ಓಮ್ ಲೋಡ್ ಮಾತ್ರ ಹಾಕಿದಾಗ ಸಪ್ಲೈ ಒಂದೇ ಏಟಿಗೆ ಎದ್ದಿತು. +5ರಲ್ಲಿ 5.08, +12ರಲ್ಲಿ 12.3. ಟಿಕ್ ಟಿಕ್ ಇಲ್ಲ.
ಜಮ್ಮಾ ಹಾರ್ನೆಸ್‌ನ (ಕ್ಯಾಬಿನೆಟ್ ಒಳಗಿನ ತಂತಿ ಕಟ್ಟು) ತಂತಿಗಳನ್ನೆಲ್ಲ ವಾಪಸ್ ಹಾಕಿದೆ, ಮತ್ತೆ ಟಿಕ್ ಟಿಕ್.
ಬೋರ್ಡನ್ನು ಕನೆಕ್ಟರ್‌ನಿಂದ ಎಳೆದು ಹೊರಗಿಟ್ಟೆ. ರೆಸಿಸ್ಟರ್ ಇದೆ, ಬೋರ್ಡ್ ಇಲ್ಲ. ಆಗಲೂ ಟಿಕ್ ಟಿಕ್!
ಪ್ಲಗ್ ಕಿತ್ತು, ಹಾರ್ನೆಸ್‌ನ ತಂತಿಗಳನ್ನು ಸಪ್ಲೈಯಿಂದ ಬಿಚ್ಚಿ ಓಮ್ ಅಳೆದಾಗ +12 ಮತ್ತು ಕಾಮ್ ತಂತಿಗಳ ನಡುವೆ 0.4. ಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.3 ತೋರಿಸುತ್ತೆ.

ಅಂದ್ರೆ ಬೋರ್ಡ್ ಬಚಾವಾ?

ಹುಬ್ಬಳ್ಳಿ_ಮೆಕ್ಯಾನಿಕ್

ಬೋರ್ಡ್ ಹೊರಗ ಇದ್ದಾಗೂ ಶಾರ್ಟ್ ಐತಿ ಅಂದ್ರ ಈ ತಪ್ಪು ಬೋರ್ಡಿಂದಲ್ಲರೀ. 0.4ರಾಗ ಕಡ್ಡಿದು 0.3 ಕಳದ್ರ ಉಳಿಯೂದು 0.1. ಅದು ಲೋಡ್ ಅಲ್ಲ, ತಾಮ್ರಕ್ಕ ತಾಮ್ರ ತಾಗೇತಿ.

ಈಗ +12 ಎಲ್ಲೆಲ್ಲಿ ಹೋಗೇತಿ ನೋಡ್ರಿ. ಜಮ್ಮಾ ಕನೆಕ್ಟರ್‌ನ 6ನೇ ಪಿನ್ ಮತ್ತು ಅದರ ಹಿಂದಿನ ಎಫ್ ಪಿನ್, ಎಲ್‌ಇಡಿ ಗುಂಡಿ, ಕಾಯಿನ್ ಡೋರ್, ಆಂಪ್ಲಿಫೈಯರ್. ಓಮ್ ಮೀಟರ್ ಹಿಡಕೊಂಡು ಹುಡುಕೂದು ಆಗತೈತಿ, ಆದ್ರ ಕೈ ಅಲ್ಲಾಡಿದ್ರ ಕಡ್ಡಿ ಜಾರತಾವ, ಸ್ಕ್ರೀನ್ ನೋಡಬೇಕೋ ತಂತಿ ನೋಡಬೇಕೋ ತಿಳಿಯಂಗಿಲ್ಲ. ಅದಕ್ಕಿಂತ ಚಲೋ ಉಪಾಯ ಅಂದ್ರ ಬಲ್ಬ್.

ಬೈಕ್ ಅಥವಾ ಕಾರಿನ ಇಂಡಿಕೇಟರ್‌ಗೆ ಹಾಕೂ 12 ವೋಲ್ಟ್ 21 ವ್ಯಾಟ್ ಬಲ್ಬ್ ಒಂದ ತರ್ರಿ. ಎಲ್‌ಇಡಿ ಬಲ್ಬ್ ನಡಿಯಂಗಿಲ್ಲ, ತಂತಿ ಕಾಯೂ ಹಳೇ ಬಲ್ಬೇ ಬೇಕು. ಎಸ್‌ಎಂಪಿಎಸ್‌ನ +12 ಟರ್ಮಿನಲ್‌ಗೆ ಬಲ್ಬಿನ ಒಂದು ತುದಿ, ಇನ್ನೊಂದು ತುದಿಗೆ ಹಾರ್ನೆಸ್‌ನ +12 ತಂತಿಗಳು. ಅಂದ್ರ ಸೀರೀಸ್. ಬೋರ್ಡ್ ಹೊರಗೇ ಇರಲಿ, +5ರ ಮ್ಯಾಲೆ ಆ ರೆಸಿಸ್ಟರ್ ಇರಲಿ. ಸ್ವಿಚ್ ಹಾಕ್ರಿ. ಶಾರ್ಟ್ ಇದ್ರ ಬಲ್ಬ್ ಪೂರ್ತಿ ಬೆಳಕಿಂದ ಉರಿತೈತಿ, ಆದ್ರ ಬಲ್ಬ್ ಕಾದ ಮ್ಯಾಲೆ ಕರೆಂಟ್ 1.75 ಆಂಪಿಯರ್ ದಾಟಂಗಿಲ್ಲ. ಹಂಗಾಗಿ ಎಸ್‌ಎಂಪಿಎಸ್ ಮುಚ್ಚಿಕೊಳ್ಳಂಗಿಲ್ಲ, ತಂತಿನೂ ಸುಡಂಗಿಲ್ಲ. ಈಗ ಎರಡೂ ಕೈ ಖಾಲಿ. ಒಂದೊಂದ ಕವಲು ಬಿಚ್ಕೋತ, ತಂತಿ ಅಲುಗಾಡಸ್ಕೋತ ಬರ್ರಿ. ಯಾವ ಜಾಗಾದಾಗ ಬಲ್ಬ್ ಮಂದ ಆಗತೈತೋ ಅಲ್ಲೇ ಕಳ್ಳ ಅದಾನ.

ಕಾಯಿನ್ ಡೋರ್‌ನ ಹಿಂಜಿನಿಂದ (ಬಾಗಿಲ ಕೀಲು) ಶುರು ಮಾಡ್ರಿ. ಬಾಗಿಲು ತಗದು ಮುಚ್ಚಿದಂಗ ಅಲ್ಲಿಯ ತಂತಿ ಮಡಚಿ ಮಡಚಿ ಪ್ಲಾಸ್ಟಿಕ್ ಹರಿತೈತಿ. ಬಾಗಿಲು ಅರ್ಥ್ ಆಗಿರತೈತಿ, ಸಪ್ಲೈದಾಗ ಎಫ್‌ಜಿ ಮತ್ತ ಕಾಮ್ ಕೂಡಿಸಿರತಾರ, ಅಲ್ಲಿಗೆ ಶಾರ್ಟ್ ಪೂರ್ತಿ ಆತು. ಅಲ್ಲಿ ಇಲ್ಲಂದ್ರ ಆಂಪ್ಲಿಫೈಯರ್ ಪ್ಲಗ್ ತಗೀರಿ, ಅದರ ಚಿಪ್ ಶಾರ್ಟ್ ಆಗೂದು ಎರಡನೇ ಮಾಮೂಲಿ ಕಾರಣ. ಗುಂಡಿಗಳನ್ನ ಕಡೀಕ ನೋಡ್ರಿ.

ಪೈ_ಪ್ರಿಯ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ರಾಸ್ಪ್‌ಬೆರಿ ಪೈ 4 (ಪುಟ್ಟ ಒಂದೇ ಬೋರ್ಡಿನ ಕಂಪ್ಯೂಟರ್) ಹಾಕಿರೋ ಚಿಕ್ಕ ಟೇಬಲ್ ಮೆಷಿನ್. ಕೆಂಪು ಲೈಟ್ ಇದೆ, ಹಸಿರು ಲೈಟ್ ಮಿಣುಕೋದೇ ಇಲ್ಲ, ಸ್ಕ್ರೀನ್ ಕಪ್ಪು. ಇದೇ ವಿಧಾನ ನಡೆಯುತ್ತಾ?

ಮಲೆನಾಡು_ಮಲ್ಟಿಮೀಟರ್

@ಪೈ_ಪ್ರಿಯ ಬೇರೆ ದಾರಿ. ಹಸಿರು ಲೈಟ್ ಮೆಮೊರಿ ಕಾರ್ಡ್ ಓದುವಾಗ ಮಿಣುಕಬೇಕು. ಕಾರ್ಡ್ ತೆಗೆದು ಸ್ವಿಚ್ ಹಾಕಿ. ಪೈ 4ರಲ್ಲಿ ಕಾರ್ಡ್ ಇಲ್ಲದೆಯೂ ಬೂಟ್‌ಲೋಡರ್‌ನ (ಪೈಯನ್ನು ಏಳಿಸುವ ಮೊದಲ ಪ್ರೋಗ್ರಾಂ) ಮಾಹಿತಿ ಪರದೆ ಬರಬೇಕು. ಬಂದರೆ ಪೈ ಚೆನ್ನಾಗಿದೆ, ಕಾರ್ಡ್ ಕೆಟ್ಟಿದೆ, ಹೊಸ ಕಾರ್ಡ್‌ಗೆ ಸಾಫ್ಟ್‌ವೇರ್ ಇಮೇಜ್ ಬರೆಯಿರಿ. ಬರದಿದ್ದರೆ ಎಚ್‌ಡಿಎಂಐ ಕೇಬಲ್ ಪವರ್ ಪೋರ್ಟ್‌ಗೆ ಹತ್ತಿರದ ಕಿಂಡಿಯಲ್ಲೇ ಇದೆಯಾ ನೋಡಿ. ಅಲ್ಲೂ ಸರಿ ಇದ್ದರೆ, ಕಂಪ್ಯೂಟರ್‌ನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ತೆರೆದು ಬೂಟ್‌ಲೋಡರ್ ಸರಿಪಡಿಸುವ ಇಮೇಜನ್ನು ಇನ್ನೊಂದು ಕಾರ್ಡ್‌ಗೆ ಬರೆದು ಹಾಕಿ. ಕೆಲಸ ಆದರೆ ಸ್ಕ್ರೀನ್ ಪೂರ್ತಿ ಹಸಿರಾಗಿ, ಹಸಿರು ಲೈಟ್ ಬೇಗ ಬೇಗ ಮಿಣುಕುತ್ತೆ. ಹಾಗೇ ಮೊಬೈಲ್ ಚಾರ್ಜರ್‌ನಲ್ಲಿ ಓಡಿಸ್ತಿದ್ದರೆ ನಿಲ್ಲಿಸಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು, 4.63ಕ್ಕಿಂತ ಕೆಳಗೆ ಇಳಿದರೆ ಅದು ವೋಲ್ಟೇಜ್ ಕಡಿಮೆ ಅಂತ ದೂರು ಹೇಳೋಕೆ ಶುರು ಮಾಡುತ್ತೆ. ಮುಂದಿನ ಚರ್ಚೆಗೆ ಬೇರೆ ಥ್ರೆಡ್ ತೆರೆಯಿರಿ, ಇದರಲ್ಲಿ ಕಲಸೋದು ಬೇಡ.

ಜಾಯ್‌ಸ್ಟಿಕ್_ಜಯನಗರ

ಬಲ್ಬ್ ವಿಧಾನ ಸೂಪರ್. ಕಾಯಿನ್ ಡೋರ್ ಮುಚ್ಚಿದಾಗ ಬಲ್ಬ್ ಝಗ್ ಅಂತ ಉರಿಯುತ್ತೆ, ತೆರೆದು ಅರ್ಧಕ್ಕೆ ತಂದರೆ ಮಂಕಾಗುತ್ತೆ. ಕೆಳಗಿನ ಹಿಂಜಿನ ಹತ್ತಿರ ಹಳದಿ ತಂತಿಯ ಪ್ಲಾಸ್ಟಿಕ್ ಕಾಲು ಇಂಚಿನಷ್ಟು ಸವೆದು, ಒಳಗಿನ ಎಳೆಗಳು ಕಪ್ಪಾಗಿ ಹೊರಗೆ ಬಂದಿವೆ. ಹಿಂಜಿನ ತಗಡಿನ ಮೇಲೂ ಎರಡು ಕಪ್ಪು ಚುಕ್ಕೆ. ಆ ಭಾಗ ಕತ್ತರಿಸಿ ಹೊಸ ತಂತಿ ಬೆಸೆದು, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಈಗ +12 ಮತ್ತು ಕಾಮ್ ನಡುವೆ ಶಾರ್ಟ್ ಇಲ್ಲ. ಟರ್ಮಿನಲ್ ಸಾಲಿನಲ್ಲಿ ಎಫ್‌ಜಿಯಿಂದ ಕಾಮ್‌ಗೆ ಒಂದು ಹಸಿರು ತಂತಿ ಇದೆ, ಅದನ್ನು ತೆಗೆದುಬಿಡಲಾ?

ಎಲ್ಲ ವಾಪಸ್ ಜೋಡಿಸಿದೆ. ಸಪ್ಲೈ ಎದ್ದಿದೆ, ಗುಂಡಿಗಳೂ ಉರೀತಿವೆ. ಆದರೆ ಆಟ ಬರ್ತಿಲ್ಲ. ಸ್ಕ್ರೀನ್ ಮೇಲೆ ಬೋರ್ಡಿನ ಲೋಗೋ ಬರುತ್ತೆ, ಎರಡು ಸೆಕೆಂಡಿಗೆ ಕಪ್ಪಾಗುತ್ತೆ, ಮತ್ತೆ ಲೋಗೋ. ಹೀಗೇ ಸುತ್ತುತ್ತಿದೆ. ಎಸ್‌ಎಂಪಿಎಸ್ ಟರ್ಮಿನಲ್‌ನಲ್ಲಿ ಈಗಲೂ 5.08.

ಕ್ರೆಡಿಟ್_ಕಿಂಗ್

5 ವೋಲ್ಟ್ ಸಾಲ್ತಿಲ್ಲ ಅಷ್ಟೆ. ಎಸ್‌ಎಂಪಿಎಸ್ ಪಕ್ಕದಲ್ಲಿ ಒಂದು ಪುಟ್ಟ ಪ್ರೀಸೆಟ್ (ವೋಲ್ಟೇಜ್ ಹೊಂದಿಸುವ ತಿರುಪು) ಇರುತ್ತೆ, ಸ್ಕ್ರೂಡ್ರೈವರ್‌ನಲ್ಲಿ 5.4 ಬರೋ ತನಕ ತಿರುಗಿಸಿ. ಕೆಲಸ ಆಗುತ್ತೆ.

ಬೆಸುಗೆ_ಭಟ್ಟ

ಆಗುತ್ತೆ, ಎಲ್ಲಿಯ ತನಕ ಅನ್ನೋದು ಪ್ರಶ್ನೆ. ದಯವಿಟ್ಟು ಆ ಪ್ರೀಸೆಟ್‌ಗೆ ಈಗ ಕೈ ಹಾಕಬೇಡಿ. ಈ ಬೋರ್ಡ್‌ಗಳಲ್ಲಿರೋ ಐಸಿಗಳ ಮಿತಿ ಸಾಮಾನ್ಯವಾಗಿ 5.25. ಸಪ್ಲೈಯಲ್ಲಿ 5.4 ಇಟ್ಟು, ಕೆಟ್ಟ ಕನೆಕ್ಷನ್ ದಾರಿಯಲ್ಲಿ ತಿಂದದ್ದು ಹೋಗಿ ಬೋರ್ಡ್‌ಗೆ 4.95 ತಲುಪಿತು ಅನ್ನಿ. ಯಾವತ್ತೋ ಒಂದು ದಿನ ಕನೆಕ್ಟರ್ ಅಲುಗಾಡಿ ಕನೆಕ್ಷನ್ ಸರಿಯಾಯ್ತು ಅಂದ್ರೆ ಇಡೀ 5.4 ಬೋರ್ಡ್ ಮೇಲೆ ಕೂತ್ಕೊಳ್ಳುತ್ತೆ. ಜೊತೆಗೆ, ಈ ಸಪ್ಲೈಗಳಲ್ಲಿ ಅಳತೆ ನೋಡಿ ಹತೋಟಿ ಮಾಡೋದು +5 ಒಂದನ್ನೇ. +12 ಅದರ ಹಿಂದೆ ಏರುತ್ತೆ, ಆಂಪ್ಲಿಫೈಯರ್ ಮತ್ತು ಎಲ್‌ಇಡಿಗಳಿಗೂ ಹೆಚ್ಚು ಹೋಗುತ್ತೆ.

ಲೋಗೋ ಬಂದು ಮತ್ತೆ ಮತ್ತೆ ಸ್ಟಾರ್ಟ್ ಆಗೋದು ವೋಲ್ಟೇಜ್ ಕಡಿಮೆ ಇರೋದರ ಲಕ್ಷಣ, ನಿಜ. ಆದರೆ ಅಳೆಯಬೇಕಾದ ಜಾಗ ಸಪ್ಲೈ ಅಲ್ಲ, ಬೋರ್ಡ್. ಬೋರ್ಡ್ ಕೂತು ಓಡ್ತಿರುವಾಗಲೇ ಬೋರ್ಡಿನ ಅಂಚಿನ ಚಿನ್ನದ ಪಟ್ಟಿಗಳ ಮೇಲೆ, ಕನೆಕ್ಟರ್‌ನಿಂದ ಹೊರಗೆ ಕಾಣೋ ಭಾಗದಲ್ಲಿ, 1ನೇ ಪಿನ್ ಮತ್ತು 3ನೇ ಪಿನ್ ನಡುವೆ ಅಳೆಯಿರಿ. ಕಡ್ಡಿ ಜಾರಿ 6ನೇ ಪಿನ್‌ನ 12 ವೋಲ್ಟ್ ಪಕ್ಕಕ್ಕೆ ತಾಗದ ಹಾಗೆ ತುದಿ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿಕೊಳ್ಳಿ. ಪಿನ್‌ಗಳ ಅಂತರ ಬರೀ 3.96 ಮಿಲಿಮೀಟರ್.

ಆಮೇಲೆ ನಷ್ಟ ಎಲ್ಲಿ ಅಂತ ಬೇರೆ ಮಾಡಿ. ಕೆಂಪು ಕಡ್ಡಿ ಸಪ್ಲೈನ +5 ಟರ್ಮಿನಲ್ ಮೇಲೆ, ಕಪ್ಪು ಕಡ್ಡಿ ಬೋರ್ಡಿನ 3ನೇ ಪಟ್ಟಿ ಮೇಲೆ: ಬರೋದು +5 ದಾರಿಯ ನಷ್ಟ. ಹಾಗೇ ಬೋರ್ಡಿನ 1ನೇ ಪಟ್ಟಿ ಮತ್ತು ಸಪ್ಲೈನ ಕಾಮ್ ನಡುವೆ: ಗ್ರೌಂಡ್ ದಾರಿಯ ನಷ್ಟ. ಎಲ್ಲರೂ +5 ತಂತಿಯನ್ನೇ ಅನುಮಾನಿಸ್ತಾರೆ, ಗ್ರೌಂಡನ್ನು ಯಾರೂ ಕೇಳಲ್ಲ.

ಹಸಿರು ತಂತಿ ತೆಗೀಬೇಡಿ. ಕಾಯಿನ್ ಡೋರ್‌ನಂಥ ಲೋಹದ ಭಾಗಗಳಿಗೆ ಅರ್ಥ್ ಇರಲೇಬೇಕು, ಸಿಗ್ನಲ್ ಗ್ರೌಂಡ್ ಅದರ ಜೊತೆ ಕಟ್ಟಿರೋದೂ ಒಳ್ಳೇದೇ. ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ನಿಜವಾಗಿ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಡಬ್ಬಕ್ಕೆ ಸೋರಿಕೆ ಬಂದು, ಕಾಯಿನ್ ಡೋರ್ ಮುಟ್ಟಿದರೆ ಜುಮ್ ಅನ್ನುತ್ತೆ, ಟೆಸ್ಟರ್ ಕೂಡ ಮಂದವಾಗಿ ಉರಿಯುತ್ತೆ.

ಜಾಯ್‌ಸ್ಟಿಕ್_ಜಯನಗರ

ಬೋರ್ಡ್ ಮೇಲೆ 4.62. ಸಪ್ಲೈಯಲ್ಲಿ 5.08. ಕೆಂಪು ದಾರಿಯ ನಷ್ಟ 0.31, ಗ್ರೌಂಡ್‌ದು 0.15. ಹಾರ್ನೆಸ್ ತಂತಿ ಒಂದೂವರೆ ಮೀಟರ್ ಇದೆ, ದಪ್ಪ ಮುಕ್ಕಾಲು ಚದರ ಮಿಲಿಮೀಟರ್. ಇದು ತಂತಿ ಸಣ್ಣದಾಗಿರೋದರಿಂದಾ?

ಬೆಸುಗೆ_ಭಟ್ಟ

ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0175 ಓಮ್. ಮುಕ್ಕಾಲು ಚದರಕ್ಕೆ 0.023. ಹೋಗಿ ಬರೋದು ಸೇರಿ 3 ಮೀಟರ್, ಅಂದ್ರೆ 0.07 ಓಮ್. ನಿಮ್ಮ ಬೋರ್ಡ್ ಒಂದೂವರೆ ಆಂಪಿಯರ್ ಎಳೆದರೂ ತಂತಿ ತಿನ್ನೋದು 0.1 ವೋಲ್ಟ್. ಉಳಿದ 0.36 ತಂತಿಯಲ್ಲಿ ಹೋಗ್ತಿಲ್ಲ, ಯಾವುದೋ ಜೋಡಣೆಯಲ್ಲಿ ಹೋಗ್ತಿದೆ. ಮೊದಲು ಕನೆಕ್ಟರ್‌ನ 3, 4ನೇ ಪಿನ್‌ಗಳನ್ನು ನೋಡಿ. ಚಿನ್ನದ ಬಣ್ಣ ಹೋಗಿ ಕಂದು ತಿರುಗಿದ್ದರೆ, ಅಕ್ಕಪಕ್ಕದ ಪ್ಲಾಸ್ಟಿಕ್ ಸ್ವಲ್ಪ ಕರಗಿದಂತಿದ್ದರೆ ಅದೇ.

ಬೋರ್ಡಿನ ಅಂಚನ್ನು ಪೆನ್ಸಿಲ್ ಅಳಿಸೋ ಬಿಳಿ ರಬ್ಬರ್‌ನಿಂದ ಉಜ್ಜಿ, ಪುಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಸ್ಯಾಂಡ್ ಪೇಪರ್ ಬೇಡವೇ ಬೇಡ. ಚಿನ್ನದ ಲೇಪ ತೆಳ್ಳಗಿರುತ್ತೆ, ಅದು ಹೋದರೆ ತಾಮ್ರ ಕಿಲುಬು ಹಿಡಿದು ಕೆಲವೇ ತಿಂಗಳಲ್ಲಿ ಇದೇ ರಗಳೆ. ಸಪ್ಲೈ ಕಡೆಯ ಸ್ಕ್ರೂಗಳನ್ನೂ ಬಿಗಿ ಮಾಡಿ.

ಇನ್ನೊಂದು: ಜಮ್ಮಾದಲ್ಲಿ +5ಕ್ಕೆ ನಾಲ್ಕು ಪಿನ್ ಇವೆ, ಬಿಡಿಭಾಗಗಳ ಕಡೆ 3 ಮತ್ತು 4, ಬೆಸುಗೆ ಕಡೆ ಸಿ ಮತ್ತು ಡಿ. ಗ್ರೌಂಡ್‌ಗೆ ಎಂಟು: 1, 2, ಎ, ಬಿ, ಇನ್ನೊಂದು ತುದಿಯಲ್ಲಿ 27, 28 ಮತ್ತು ಅವುಗಳ ಹಿಂದಿನ ಎರಡು. ಅಗ್ಗದ ಹಾರ್ನೆಸ್‌ಗಳಲ್ಲಿ ಇವಕ್ಕೆಲ್ಲ ತಂತಿ ಹಾಕಿರಲ್ಲ, ಇಡೀ ಕರೆಂಟ್ ಒಂದೆರಡು ಪಿನ್‌ಗಳ ಮೇಲೆ. ಅದಕ್ಕೇ ಸುಡೋದು. ಕನೆಕ್ಟರ್ ಹಿಂದಿನ ಕಿವಿಗಳಲ್ಲಿ 3, 4, ಸಿ, ಡಿ ನಾಲ್ಕನ್ನೂ ಸಣ್ಣ ತಂತಿಯಿಂದ ಒಟ್ಟಿಗೆ ಬೆಸೆಯಿರಿ, ಸಪ್ಲೈಯಿಂದ ಇನ್ನೊಂದು ದಪ್ಪ ಕೆಂಪು ತಂತಿ ತನ್ನಿ. ಗ್ರೌಂಡ್‌ಗೂ ಹಾಗೇ. ಕನೆಕ್ಟರ್ ಒಳಗಿನ ಸ್ಪ್ರಿಂಗ್ ಸಡಿಲ ಆಗಿದ್ದರೆ ಉಜ್ಜಿ ಪ್ರಯೋಜನ ಇಲ್ಲ, 56 ಪಿನ್‌ನ ಹೊಸ ಕನೆಕ್ಟರ್ ಹಾಕೋದೇ ದಾರಿ.

ಬೋರ್ಡ್ ವಾಪಸ್ ಕೂರಿಸುವಾಗ 7ನೇ ಪಿನ್ ಜಾಗದ ಕಚ್ಚು ನೋಡಿಕೊಳ್ಳಿ. ಕನೆಕ್ಟರ್‌ನಲ್ಲಿ ಅಲ್ಲಿ ಅಡ್ಡ ಕಡ್ಡಿ ಇಲ್ಲದಿದ್ದರೆ ತಲೆಕೆಳಗಾಗಿಯೂ ಹೋಗುತ್ತೆ. ಆಗ 6ನೇ ಪಿನ್‌ನ 12 ವೋಲ್ಟ್ ಸೀದಾ 23ನೇ ಪಿನ್‌ನ ಗುಂಡಿ ಇನ್‌ಪುಟ್‌ಗೆ ಹೊಡೆಯುತ್ತೆ. ಆಮೇಲೆ ಈ ಥ್ರೆಡ್‌ನಿಂದ ಏನೂ ಮಾಡೋಕಾಗಲ್ಲ.

ಜಾಯ್‌ಸ್ಟಿಕ್_ಜಯನಗರ

ನೀವು ಹೇಳಿದ ಹಾಗೇ ಇತ್ತು. 3ಕ್ಕೆ ಮಾತ್ರ ತಂತಿ, ಆ ಪಿನ್ ಕಂದು ಬಣ್ಣ. 4, ಸಿ, ಡಿ ಖಾಲಿ. ಸ್ವಚ್ಛ ಮಾಡಿ, ನಾಲ್ಕನ್ನೂ ಬೆಸೆದು, ಒಂದು ಚದರ ಮಿಲಿಮೀಟರಿನ ಇನ್ನೊಂದು ಜೋಡಿ ತಂತಿ ಎಳೆದೆ. ಬೋರ್ಡ್ ಮೇಲೆ ಈಗ 4.98. ಲೋಗೋ ದಾಟಿ ಆಟಗಳ ಪಟ್ಟಿ ಬಂತು, ಸದ್ದೂ ಇದೆ. ಪ್ರೀಸೆಟ್ ಮುಟ್ಟಿಲ್ಲ.

ಕಾಯಿನ್ ಡೋರ್ ತಂತಿ ಮತ್ತೆ ಹರಿಯದ ಹಾಗೆ ಏನಾದರೂ ಮಾಡಬಹುದಾ?

ಹುಬ್ಬಳ್ಳಿ_ಮೆಕ್ಯಾನಿಕ್

ಹಿಂಜಿನ ಹತ್ರ ತಂತಿಗೆ ಬಿಗಿ ಬ್ಯಾಡ್ರಿ, ಬಾಗಿಲು ಪೂರ್ತಿ ತಗದಾಗೂ ಒಂದ ಗೇಣು ಸಡಿಲ ಉಳೀಬೇಕು. ಅಲ್ಲಿ ಸ್ಪೈರಲ್ ಸ್ಲೀವ್ ಸುತ್ರಿ. ಹಿಂಜಿಗೆ ನಾಲ್ಕು ಬೆರಳು ದೂರದಾಗ ಎರಡೂ ಕಡೆ ಕೇಬಲ್ ಟೈ ಹಾಕಿ, ಒಂದ ಟೈ ಹಲಗೆಗೆ, ಇನ್ನೊಂದು ಬಾಗಿಲಿಗೆ. ಒಂದೇ ಎಳೆಯ ಗಟ್ಟಿ ತಂತಿ ಆ ಜಾಗಾಕ್ಕ ಬ್ಯಾಡ, ಸಣ್ಣ ಸಣ್ಣ ಎಳೆ ಭಾಳ ಇರೂ ಮೆದು ತಂತಿ ಹಾಕ್ರಿ.

ಮತ್ತ ಕಾಯಿನ್ ಡೋರ್‌ಗೆ ಹೋಗೂ +12 ತಂತಿಗೆ ಸಪ್ಲೈ ಹತ್ರನ 1 ಆಂಪಿಯರ್ ಫ್ಯೂಸ್ ಹಾಕ್ರಿ, ಗುಂಡಿ ಲೈಟಿಗೆ ಬ್ಯಾರೆ 2 ಆಂಪಿಯರ್ ಒಂದು. ಸಣ್ಣ ಗಾಜಿನ ಫ್ಯೂಸ್, ತಂತಿ ನಡುವ ಹಾಕೂ ಹೋಲ್ಡರ್, ಎರಡೂ ಕಾರ್ ಎಲೆಕ್ಟ್ರಿಶಿಯನ್ ಹತ್ರ ಸಿಗತಾವ. ಮುಂದ ಶಾರ್ಟ್ ಆದ್ರ ಬಾಗಿಲ ಲೈಟ್ ಅಷ್ಟ ಆರತೈತಿ, ಆಟ ನಡೀತಿರತೈತಿ.